ಇನ್ನೋವಾ ಚಪ್ಪಲಿ ಮೆಟ್ಟಿದ ಸ್ವಿಫ್ಟು

ನಿಮ್ಮ ಕಾರಿನ ಟೈರಿನ ಪಕ್ಕದಲ್ಲಿ ಒಂದು ನಂಬರ್ ಇರುತ್ತೆ. ಯಾವತ್ತಾದ್ರೂ ಓದಿದ್ದೀರಾ? ದೊಡ್ಡದಾಗಿ ಕಂಪನಿ ಹೆಸರು ಇರುತ್ತಲ್ಲ, ಅದಲ್ಲ. 165/80 ಆರ್14 ಅಂತಲೋ, 185/65 ಆರ್15 ಅಂತಲೋ ಅದರ ಹತ್ತಿರ ಎಲ್ಲೋ ಅಚ್ಚು ಹಾಕಿರ್ತಾರೆ. ನಾನು ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿಗೆ ಬಂದವನು (ನಮ್ಮ ಬ್ಯಾಚಿನ ಮುಕ್ಕಾಲು ಪಾಲು ಹುಡುಗರದ್ದು ಇದೇ ಕಥೆ, ಬಿಡಿ). ಈ ನಂಬರನ್ನ ಬಿಡಿಸಿ ಬರೆಯಿರಿ ಅಂತ ಒಂದು ಸಲ ಪರೀಕ್ಷೆಯಲ್ಲಿ ಕೇಳಿದ್ರು, ನಾಲ್ಕಕ್ಕೆ ನಾಲ್ಕೂ ಬಂದಿತ್ತು. ಆಮೇಲೆ ದಿನವಿಡೀ ಜಾವಾ ಬರೆಯೋನಿಗೆ ಅದರ ಅಗತ್ಯ ಬೀಳಲಿಲ್ಲ. ಹೋದ ಮಳೆಗಾಲದಲ್ಲಿ ಬಿತ್ತು.

ಕಾರು ಅಪ್ಪಂದು. 2014ರ ಸ್ವಿಫ್ಟ್ ವಿಡಿಐ, ಅಂದ್ರೆ ಡೀಸೆಲ್ಲು. ಮಾರುತಿಯವರು 2020ರ ಏಪ್ರಿಲ್‌ನಲ್ಲಿ ಡೀಸೆಲ್ ಕಾರು ಮಾಡೋದನ್ನ ನಿಲ್ಲಿಸಿದ ಮೇಲೆ ನಮ್ಮ ತೀರ್ಥಹಳ್ಳಿ ಕಡೆ ಇಂಥ ಹಳೇ ಗಾಡಿಗಳಿಗೆ ಒಂಥರಾ ಮರ್ಯಾದೆ ಬಂದಿದೆ. ಭಾವನ ಪರಿಚಯದವರೊಬ್ಬರ ಮೂಲಕ ಶಿವಮೊಗ್ಗದಲ್ಲಿ ಸೆಕೆಂಡ್‌ಹ್ಯಾಂಡ್ ಸಿಕ್ತು. ಎಂಜಿನ್ ಚೆನ್ನಾಗಿತ್ತು, ಪೇಂಟ್ ಚೆನ್ನಾಗಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಚಕ್ರ ಚೆನ್ನಾಗಿತ್ತು. ಹಿಂದಿನ ಓನರ್ ಅಲಾಯ್ ಹಾಕಿಸಿ, ಅದಕ್ಕೆ ದಪ್ಪ ದಪ್ಪ ಟೈರ್ ಕೂರಿಸಿದ್ದ. ಅಂಗಳಕ್ಕೆ ಬಂದ ದಿನ ನೋಡೋಕೆ ಬಂದವರೆಲ್ಲ ಮೊದಲು ಮಾತಾಡಿದ್ದೇ ಅದರ ಬಗ್ಗೆ. ಭಾವನಂತೂ, "ನೋಡಿ ಮಾವ, ಗಾಡಿ ರೋಡನ್ನ ಕಚ್ಚಿ ಹಿಡಿದು ಹೋಗ್ತದೆ" ಅಂತ ಟೈರಿಗೆ ಎರಡು ಸಲ ಕಾಲಲ್ಲಿ ಒದ್ದು ತೋರಿಸಿದ್ರು. ಟೈರನ್ನ ಒದ್ದು ಏನು ಗೊತ್ತಾಗುತ್ತೋ ಗೊತ್ತಿಲ್ಲ, ಆದ್ರೆ ಕಾರು ನೋಡೋಕೆ ಬರೋ ಗಂಡಸರೆಲ್ಲ ಅದನ್ನ ಮಾಡೇ ಮಾಡ್ತಾರೆ :-)

ಅಪ್ಪಂಗೆ ಇಷ್ಟ ಆಗೋಕೆ ಇನ್ನೊಂದು ಕಾರಣ ಇತ್ತು, ಮತ್ತು ಅದು ನ್ಯಾಯವಾದ ಕಾರಣ. ನಮ್ಮ ಮನೆಗೆ ಟಾರು ರಸ್ತೆಯಿಂದ ಒಂದು ಫರ್ಲಾಂಗು ಮಣ್ಣಿನ ದಾರಿ. ಮಧ್ಯದಲ್ಲಿ ದಿಬ್ಬ, ಎರಡೂ ಕಡೆ ಚಕ್ರದ ಗುಂಡಿ. ಮೊದಲಿದ್ದ ಕಾರು ಅಲ್ಲಿ ಪ್ರತಿ ಸಲ ಹೊಟ್ಟೆ ಉಜ್ಜಿಕೊಂಡೇ ಬರ್ತಿತ್ತು. ಇದು ತಾಗ್ತಾ ಇರಲಿಲ್ಲ.

ನಾನು ಆ ಸಲ ಊರಿಗೆ ಹೋಗಿದ್ದು ಅಮ್ಮನನ್ನ ಮಣಿಪಾಲಕ್ಕೆ ಕರ್ಕೊಂಡು ಹೋಗೋಕೆ. ಅವಳಿಗೆ ಎರಡು ವರ್ಷದಿಂದ ಕಿಡ್ನಿ ತೊಂದರೆ, ತಿಂಗಳಿಗೊಮ್ಮೆ ತೋರಿಸಲೇಬೇಕು. ಮಳೆ ಇರಲಿ ಬಿಸಿಲಿರಲಿ, ಆಗುಂಬೆ ಘಾಟಿ ಇಳಿಯಲೇಬೇಕು. ಅಪ್ಪನೇ ಓಡಿಸ್ತಾರೆ, ಬೇರೆಯವರಿಗೆ ಸ್ಟೇರಿಂಗ್ ಕೊಡಲ್ಲ. ನಾನು ಪಕ್ಕದಲ್ಲಿ, ಹಿಂದೆ ಅಮ್ಮ, ಅಕ್ಕ, ಭಾವ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯೋ ಆ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನ ನಿಮ್ಮಲ್ಲಿ ಬಹಳ ಜನ ನೋಡಿರ್ತೀರ, ಸೂರ್ಯಾಸ್ತದ ಫೋಟೋನೂ ಹಾಕಿರ್ತೀರ. ನಾವು ಹೋದ ದಿನ ಸೂರ್ಯ ಎಲ್ಲಿದ್ದಾನೆ ಅಂತ ಹುಡುಕಬೇಕಿತ್ತು. ವೈಪರ್ ಫುಲ್ ಸ್ಪೀಡಲ್ಲಿದ್ರೂ ಎದುರಿಗೆ ಬರೋ ಬಸ್ಸಿನ ಲೈಟು ಮಾತ್ರ ಕಾಣ್ತಿತ್ತು.

ಎರಡನೇ ತಿರುವಿನಲ್ಲಿ ಅಪ್ಪ ಸ್ಟೇರಿಂಗನ್ನ ಪೂರ್ತಿ ತಿರುಗಿಸಿದಾಗ ನನ್ನ ಕಾಲಿನ ಹತ್ತಿರ, ಮುಂದಿನ ಚಕ್ರದ ಕಡೆಯಿಂದ, ಸರ್ರ್ ಅಂತ ಒಂದು ಶಬ್ದ. ಬಟ್ಟೆ ಹರಿದ ಹಾಗೆ. ಮೂರನೇ ತಿರುವಲ್ಲಿ ಇಲ್ಲ. ನಾಲ್ಕರಲ್ಲಿ ಮತ್ತೆ, ಜೊತೆಗೆ ಒಂದು ಗುಂಡಿ ಬಿದ್ದಾಗ ಧಡ್ ಅಂತ ಗಟ್ಟಿಯಾಗಿ. ನಾನು ಅಪ್ಪನ ಮುಖ ನೋಡಿದೆ.

"ಎಂತದೂ ಆಗಲ್ಲ ಮಾರಾಯ. ಅದು ತಂದ ದಿನದಿಂದ ಹಂಗೇ ಶಬ್ದ ಮಾಡ್ತದೆ" ಅಂದ್ರು.

ಹಿಂದೆ ಅಮ್ಮ ಏನೂ ಮಾತಾಡಲಿಲ್ಲ. ಬಾಗಿಲಿನ ಮೇಲಿನ ಹಿಡಿಕೆಯನ್ನ ಎರಡೂ ಕೈಯಲ್ಲಿ ಹಿಡ್ಕೊಂಡಿದ್ದಳು.

ಸೋಮೇಶ್ವರದಲ್ಲಿ ಚಹಾಕ್ಕೆ ಅಂತ ನಿಲ್ಲಿಸಿದಾಗ ಕೊಡೆ ಹಿಡ್ಕೊಂಡು ಬಗ್ಗಿ ನೋಡಿದೆ. ಎಡಗಡೆ ಮುಂದಿನ ಟೈರಿನ ಒಳಗಿನ ಅಂಚಲ್ಲಿ ಸುತ್ತಲೂ ಒಂದು ಗೆರೆ, ಬೆರಳಿಟ್ಟರೆ ನುಣ್ಣಗೆ. ಚಕ್ರದ ಗೂಡಿನೊಳಗೆ ಕಪ್ಪು ಪ್ಲಾಸ್ಟಿಕ್ ಲೈನರ್ ಇರುತ್ತಲ್ಲ, ಅದು ಒಂದು ಕಡೆ ಉಜ್ಜಿ ಉಜ್ಜಿ ತೂತೇ ಬಿದ್ದಿತ್ತು. ಆಗ ಟೈರಿನ ಮೇಲಿನ ನಂಬರ್ ಓದಿದೆ: 205/65 ಆರ್15.

ಈ ನಂಬರ್ ನೋಡಿದ ತಕ್ಷಣ ನನಗೆ ನಗುನೂ ಬಂತು, ಸಿಟ್ಟೂ ಬಂತು. ಇದು ಹಳೇ ಇನ್ನೋವಾದ ಟೈರ್ ಅಳತೆ! 2005ರಲ್ಲಿ ನಮ್ಮಲ್ಲಿ ಬಂದ ಮೊದಲ ಇನ್ನೋವಾಗೆ ಇದೇ 205/65 ಆರ್15. ಯಾರದ್ದೋ ಟ್ಯಾಕ್ಸಿಯಿಂದ ಇಳಿಸಿದ್ದನ್ನ ಅಗ್ಗಕ್ಕೆ ತಗೊಂಡು ಸ್ವಿಫ್ಟಿಗೆ ಹಾಕಿದ್ದ ಪುಣ್ಯಾತ್ಮ. ಸ್ವಿಫ್ಟ್ ವಿಡಿಐಗೆ ಕಂಪನಿ ಕೊಟ್ಟಿದ್ದು 165/80 ಆರ್14. ಇದಕ್ಕೆ ಸಾಕ್ಷಿ ಬೇಕಿದ್ರೆ ಎಲ್ಲೂ ಹೋಗಬೇಕಿಲ್ಲ, ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತೆ, ಟೈರ್ ಅಳತೆ ಎಷ್ಟು, ಗಾಳಿ ಎಷ್ಟು ಅಂತ. ಡಿಕ್ಕಿಯಲ್ಲಿ ಮಲಗಿದ್ದ ಸ್ಟೆಪ್ನಿಯೂ ಅದೇ 165/80 ಆರ್14. ಪಾಪ, ಹುಟ್ಟಿದಾಗಿನಿಂದ ನೆಲ ಮುಟ್ಟಿರಲಿಲ್ಲ ಅನ್ಸುತ್ತೆ.

ಈಗ ಸ್ವಲ್ಪ ಲೆಕ್ಕ. ಬೇಜಾರಾದ್ರೆ ಎರಡು ಪ್ಯಾರಾ ಹಾರಿಸಿ, ಆದ್ರೆ ಹಾರಿಸಬೇಡಿ.

ಮೊದಲನೇ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೇದು ಟೈರಿನ ಪಕ್ಕೆಯ ಎತ್ತರ, ಆದ್ರೆ ಮಿಲಿಮೀಟರಲ್ಲಿ ಅಲ್ಲ, ಅಗಲದ ಶೇಕಡಾ ಲೆಕ್ಕದಲ್ಲಿ. ಇಲ್ಲೇ ಬಹಳ ಜನ ಮೋಸ ಹೋಗೋದು. 80 ಅನ್ನೋದು 65ಕ್ಕಿಂತ ದೊಡ್ಡದು, ಹಾಗಾಗಿ ಅದೇ ಎತ್ತರದ ಟೈರು ಅಂದ್ಕೊಳ್ತಾರೆ. 165ರ ಶೇ. 80 ಅಂದ್ರೆ 132 ಮಿ.ಮೀ. 205ರ ಶೇ. 65 ಅಂದ್ರೆ 133 ಮಿ.ಮೀ. ಎರಡೂ ಒಂದೇ! ಆಮೇಲೆ ಬರೋ 'ಆರ್' ರೇಡಿಯಸ್ ಅಲ್ಲ, ರೇಡಿಯಲ್. ಒಳಗಿನ ದಾರಗಳು ಚಕ್ರದ ನಡುವಿನಿಂದ ಹೊರಕ್ಕೆ ನೇರವಾಗಿ ಹಬ್ಬಿರೋ ಟೈರು ಅಂತ ಅರ್ಥ, ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಮಾಡಿದ್ದು. ಕೊನೇ ಸಂಖ್ಯೆ ರಿಮ್ಮಿನ ವ್ಯಾಸ, ಅದು ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ಸೇರಿಸಿದ್ದಾರೆ. ನಮ್ಮ ಆಫೀಸಲ್ಲಿ ಯಾರಾದ್ರೂ ಡೇಟಾವನ್ನ ಹೀಗೆ ಇಟ್ಟಿದ್ರೆ ಕೋಡ್ ರಿವ್ಯೂನಲ್ಲೇ ವಾಪಸ್ ಕಳಿಸ್ತಿದ್ವಿ. ಅದೇ ಮಿಶೆಲಿನ್ 1975ರಲ್ಲಿ ಮಿಲಿಮೀಟರ್ ಅಳತೆಯ ರಿಮ್ಮು ತಂದಿತ್ತು, ಟಿಆರ್‌ಎಕ್ಸ್ ಅಂತ. ಅದಕ್ಕೆ ಬೇರೆ ರಿಮ್ಮೇ ಬೇಕು, ಬೇರೆ ಟೈರು ಕೂರಲ್ಲ. ನಿಲ್ಲಲಿಲ್ಲ.

ಹಾಗಾದ್ರೆ ಪೂರ್ತಿ ಚಕ್ರದ ಎತ್ತರ: ಪಕ್ಕೆ ಎರಡು ಸಲ (ಮೇಲೊಂದು ಕೆಳಗೊಂದು), ಜೊತೆಗೆ ರಿಮ್ಮು. ಹಳೇದು 132 ಗುಣಿಸು 2, ಕೂಡಿಸು 14 ಇಂಚು ಅಂದ್ರೆ 355.6, ಒಟ್ಟು ಸುಮಾರು 620 ಮಿ.ಮೀ. ಇನ್ನೋವಾದ್ದು 647.5 ಮಿ.ಮೀ. ವ್ಯತ್ಯಾಸ 28 ಮಿ.ಮೀ., ಶೇಕಡಾ ನಾಲ್ಕೂವರೆ. ಕಾರು ಮೇಲೆದ್ದಿದ್ದು ಅದರ ಅರ್ಧ, 14 ಮಿ.ಮೀ. ನಮ್ಮನೆ ದಾರಿಯ ದಿಬ್ಬದಲ್ಲಿ ತಾಗದೇ ಇದ್ದಿದ್ದು ಈ ಹದಿನಾಲ್ಕು ಮಿಲಿಮೀಟರಿನಿಂದ.

ಅಗಲ ಮಾತ್ರ 40 ಮಿ.ಮೀ. ಜಾಸ್ತಿ. ರಿಮ್ಮಿನ ಕೂರೋ ಜಾಗ ಬದಲಾಗದಿದ್ರೆ ಅದು ಒಳಗೆ 20, ಹೊರಗೆ 20 ಅಂತ ಹಂಚಿಹೋಗುತ್ತೆ. ಇಪ್ಪತ್ತು ಮಿಲಿಮೀಟರ್ ಅಂದ್ರೆ ಹೆಬ್ಬೆರಳಿನ ಅಗಲ. ಚಕ್ರ ನೇರ ಇದ್ದಾಗ ಅಷ್ಟು ಜಾಗ ಇರುತ್ತೆ. ಆದ್ರೆ ಮುಂದಿನ ಚಕ್ರ ನೇರವಾಗಿ ಮಾತ್ರ ಇರಲ್ಲವಲ್ಲ. ಪೂರ್ತಿ ತಿರುಗಿಸಿದಾಗ ಟೈರಿನ ಒಂದು ಮೂಲೆ ಒಳಗೆ, ಇನ್ನೊಂದು ಹೊರಗೆ ಹೋಗುತ್ತೆ. ಐದು ಜನ ಕೂತಾಗ ಗಾಡಿ ಕೆಳಗಿಳಿಯುತ್ತೆ. ತಿರುವಿನಲ್ಲಿ ಹೊರಗಡೆ ವಾಲುತ್ತೆ. ಅದೇ ಹೊತ್ತಿಗೆ ಗುಂಡಿ ಸಿಕ್ಕರೆ ಚಕ್ರ ಗೂಡಿನೊಳಕ್ಕೆ ಏರುತ್ತೆ. ಅಂಗಡಿಯವನು ಟೈರ್ ಹಾಕಿ, ಖಾಲಿ ಕಾರನ್ನ ಅಂಗಡಿ ಮುಂದೆ ಒಂದು ಸುತ್ತು ಹೊಡೆಸಿ "ಫಿಟ್ ಆಗ್ತದೆ ಸಾರ್" ಅಂದಿರ್ತಾನೆ. ಅವನು ಹೇಳಿದ್ದು ಸುಳ್ಳಲ್ಲ. ಅಂಗಡಿ ಮುಂದೆ ಫಿಟ್ ಆಗ್ತದೆ. ಆಗುಂಬೆಯ ನಾಲ್ಕನೇ ತಿರುವಲ್ಲಿ ಆಗಲ್ಲ. ಮತ್ತೆ ಲೈನರ್ ತೂತಾದ ಮೇಲೆ ಟೈರು ಉಜ್ಜೋಕೆ ಶುರು ಮಾಡೋದು ಪ್ಲಾಸ್ಟಿಕ್ಕನ್ನಲ್ಲ, ಅದರ ಹಿಂದಿನ ತಗಡಿನ ಅಂಚನ್ನ. ಟೈರಿನ ಪಕ್ಕೆ ಅದರ ಅತಿ ತೆಳುವಾದ ಭಾಗ, ಪಂಕ್ಚರ್ ಹಾಕೋಕೂ ಬರದ ಭಾಗ.

ಹೆಬ್ರಿ ದಾಟಿ ರಸ್ತೆ ಸ್ವಲ್ಪ ನೇರ ಸಿಕ್ಕಿದಾಗ ಅಪ್ಪಂಗೆ ಗೊತ್ತಾಗದ ಹಾಗೆ ಫೋನಲ್ಲಿ ಜಿಪಿಎಸ್ ಹಾಕಿ ನೋಡಿದೆ. ಮುಳ್ಳು 60, ಫೋನೂ 60. ಇದನ್ನ ಕೇಳಿ ನೀವು "ಸರಿಯಾಗೇ ಇದೆಯಲ್ಲ" ಅನ್ನಬಹುದು. ವಿಚಿತ್ರ ಏನಂದ್ರೆ ಸರಿಯಾಗಿರೋದೇ ತಪ್ಪು :-)

ಸ್ಪೀಡೋಮೀಟರ್ ಹೇಗೆ ಕೆಲಸ ಮಾಡುತ್ತೆ ನೋಡಿ. ಅದಕ್ಕೆ ರಸ್ತೆ ಕಾಣಲ್ಲ. ಚಕ್ರ ಎಷ್ಟು ಸಲ ತಿರುಗಿತು ಅನ್ನೋದಷ್ಟೇ ಗೊತ್ತು. ಹಳೇ ಅಂಬಾಸಿಡರ್ ಕಾಲದಲ್ಲಿ ಗೇರ್‌ಬಾಕ್ಸಿನಿಂದ ಒಂದು ಕೇಬಲ್ ಬಂದು ಮೀಟರಿನೊಳಗೆ ಅಯಸ್ಕಾಂತ ತಿರುಗಿಸ್ತಿತ್ತು, ಅದರ ಸುತ್ತಲಿನ ಅಲ್ಯೂಮಿನಿಯಂ ಬಟ್ಟಲು ಆ ಸೆಳೆತಕ್ಕೆ ವಾಲಿ ಮುಳ್ಳನ್ನ ಎಳೀತಿತ್ತು. ಓಟೋ ಶುಲ್ಜೆ ಅನ್ನೋರು 1902ರಲ್ಲಿ ಬರ್ಲಿನ್ನಿನಲ್ಲಿ ಪೇಟೆಂಟ್ ಮಾಡಿದ ಉಪಾಯ ಅದು, ನೂರು ವರ್ಷ ಓಡಿತು. ಈಗ ಸೆನ್ಸರ್ ತಿರುಗಿದ್ದನ್ನ ಎಣಿಸುತ್ತೆ, ಒಂದು ಪುಟ್ಟ ಪ್ರೋಗ್ರಾಮ್ ಆ ಎಣಿಕೆಯನ್ನ ಒಂದು ಸಂಖ್ಯೆಯಿಂದ ಗುಣಿಸುತ್ತೆ. ಆ ಸಂಖ್ಯೆ ಚಕ್ರದ ಸುತ್ತಳತೆ. ಅದನ್ನ ಯಾರೋ ಒಬ್ಬ ನಮ್ಮಂಥ ಎಂಜಿನಿಯರ್ ಹಾರ್ಡ್‌ಕೋಡ್ ಮಾಡಿರ್ತಾನೆ. ನೀವು ಹೊರಗೆ ಎಂಥ ಟೈರಾದ್ರೂ ಹಾಕಿ, ಒಳಗಿನ ಪ್ರೋಗ್ರಾಮಿಗೆ ಅದು 165/80 ಆರ್14 ಅಂತಲೇ ನಂಬಿಕೆ.

ಅಳತೆ ಪ್ರಕಾರ ಹಳೇ ಟೈರಿನ ಸುತ್ತಳತೆ ಸುಮಾರು 1,946 ಮಿ.ಮೀ., ಒಂದು ಕಿಲೋಮೀಟರಿಗೆ 514 ಸುತ್ತು. ಇನ್ನೋವಾದ್ದು 492 ಸುತ್ತು. (ಭಾರಕ್ಕೆ ಟೈರು ಸ್ವಲ್ಪ ಕುಗ್ಗೋದ್ರಿಂದ ನಿಜದಲ್ಲಿ ಎರಡೂ ಸ್ವಲ್ಪ ಜಾಸ್ತಿ ತಿರುಗುತ್ವೆ, ಅನುಪಾತ ಹೆಚ್ಚುಕಮ್ಮಿ ಅದೇ.) 22 ಸುತ್ತು ಕಡಿಮೆ ಎಣಿಸಿದ ಕಾರು, ನಾನು ನಿಧಾನ ಹೋಗ್ತಿದ್ದೀನಿ ಅಂದ್ಕೊಳ್ಳುತ್ತೆ.

ಹಾಗಿದ್ರೆ ಮುಳ್ಳು 60 ಇದ್ದಾಗ ಫೋನು 62 ಮುಕ್ಕಾಲು ತೋರಿಸಬೇಕಿತ್ತು, 60 ಯಾಕೆ ತೋರಿಸ್ತು? ಯಾಕಂದ್ರೆ ಕಂಪನಿಯವರು ಮುಳ್ಳನ್ನ ಬೇಕಂತಲೇ ಸ್ವಲ್ಪ ಮುಂದೆ ಇಟ್ಟಿರ್ತಾರೆ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 39ನೇದು ಸ್ಪೀಡೋಮೀಟರ್ ಬಗ್ಗೆ. ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ, ಜಾಸ್ತಿ ತೋರಿಸಿದ್ರೆ ನಿಜವಾದ ವೇಗದ ಶೇ. 10, ಅದರ ಮೇಲೆ 4 ಕಿ.ಮೀ. ತನಕ ನಡೆಯುತ್ತೆ ಅನ್ನುತ್ತೆ ಅದು. ಟೈರು ಸವೆದ್ರೂ, ಗಾಳಿ ಕಡಿಮೆಯಾದ್ರೂ ಸುತ್ತಳತೆ ಬದಲಾಗುತ್ತೆ. ಹೊಸ ಟೈರಿನ ಗೀರು ಸುಮಾರು 8 ಮಿ.ಮೀ. ಆಳ ಇದ್ರೆ, ಸವೆತದ ಗುರುತು 1.6 ಮಿ.ಮೀ. ಬರೋ ಹೊತ್ತಿಗೆ ವ್ಯಾಸದಲ್ಲೇ 13 ಮಿ.ಮೀ. ಹೋಗಿರುತ್ತೆ, ಅದು ಶೇಕಡಾ ಎರಡು. ಇಂಥದಕ್ಕೆಲ್ಲ ಅಂತ ಇಟ್ಟ ಮೀಸಲು ಅದು. ಅಪ್ಪನ ಕಾರಿನಲ್ಲಿ ಆ ಮೀಸಲನ್ನ ಹಿಂದಿನ ಓನರ್ ಮೊದಲೇ ತಿಂದು ಮುಗಿಸಿದ್ದ. ಮೂವತ್ತು ವರ್ಷ ಗಾಡಿ ಓಡಿಸಿದ ಅಪ್ಪನ ಕಣ್ಣು, ಕೈ, ಕಾಲು ಎಲ್ಲ ಮುಳ್ಳು 60 ಅಂದ್ರೆ ಇಷ್ಟು ವೇಗ ಅಂತ ರೂಢಿಯಾಗಿದ್ದವು. ಅವರಿಗೆ ಗೊತ್ತಿಲ್ಲದೇನೇ ಪ್ರತಿ ಸಲ ಮೂರು ಕಿಲೋಮೀಟರ್ ಜಾಸ್ತಿ ಹೋಗ್ತಿದ್ರು.

ಓಡೋಮೀಟರ್ ಕೂಡ ಇದೇ ಎಣಿಕೆ. ಅಪ್ಪಂಗೆ ಒಂದು ಡೈರಿ ಇದೆ, ಡೀಸೆಲ್ ಹಾಕಿಸಿದ ದಿನವೆಲ್ಲ ಬರೆದಿಡ್ತಾರೆ. ಫುಲ್ ಟ್ಯಾಂಕಿಂದ ಫುಲ್ ಟ್ಯಾಂಕಿಗೆ ಲೆಕ್ಕ ಹಾಕಿ 18 ಬರ್ತಿದೆ, ಮಾರುವಾಗ ಸುಳ್ಳು ಹೇಳಿದ ಅಂತ ಹಿಂದಿನ ಓನರನ್ನ ಬಯ್ತಿದ್ರು. ನಿಜವಾಗಿ 18.8 ಬರ್ತಿತ್ತು. ಆ ಒಂದು ವಿಷಯದಲ್ಲಿ ಅವನಿಗೆ ಬಯ್ಗುಳ ಅನ್ಯಾಯ. ಆದ್ರೆ ಅದೇ ಲೆಕ್ಕದಲ್ಲಿ 10,000 ಕಿ.ಮೀ.ಗೆ ಸರ್ವಿಸ್ ಅಂತ ಬಿಟ್ಟಾಗ ಗಾಡಿ 10,450 ಓಡಿರುತ್ತೆ.

ಮುಳ್ಳಿನ ವಿಷಯ ಬಿಡಿ, ನನಗೆ ಹೆಚ್ಚು ತಲೆಬಿಸಿ ಆಗಿದ್ದು ಘಾಟಿ ವಿಷಯಕ್ಕೆ. ದೊಡ್ಡ ಚಕ್ರ ಅಂದ್ರೆ ಎಲ್ಲ ಗೇರನ್ನೂ ಸ್ವಲ್ಪ ಸ್ವಲ್ಪ ಮೇಲಕ್ಕೆ ಏರಿಸಿದ ಹಾಗೆ. ಈ ಡೀಸೆಲ್ ಎಂಜಿನ್ನಿಗೆ ಪೂರ್ತಿ ಶಕ್ತಿ, ಅಂದ್ರೆ 190 ನ್ಯೂಟನ್ ಮೀಟರ್ ಟಾರ್ಕು, ಬರೋದು 2,000 ಆರ್‌ಪಿಎಂನಲ್ಲಿ. ಅದರ ಕೆಳಗೆ ಟರ್ಬೋ ನಿದ್ದೆಯಲ್ಲಿರುತ್ತೆ, ಓಡಿಸಿದವರಿಗೆಲ್ಲ ಗೊತ್ತು. ಹೇರ್‌ಪಿನ್ನಲ್ಲಿ ಎರಡನೇ ಗೇರಲ್ಲಿ 1,600ರಲ್ಲಿ ತಿರುಗಬೇಕಿದ್ದ ಎಂಜಿನ್ ಈ ಟೈರಲ್ಲಿ 1,530ಕ್ಕೆ ಇಳಿಯುತ್ತೆ. ಮೊದಲೇ ನಿದ್ದೆಗಣ್ಣು, ಅದರ ಮೇಲೆ ಕಂಬಳಿ ಹೊದೆಸಿದ ಹಾಗೆ. ವಾಪಸ್ ಬರೋವಾಗ ಏರಿನಲ್ಲಿ ಅಪ್ಪ ಪ್ರತಿ ತಿರುವಿಗೂ ಫಸ್ಟ್ ಗೇರಿಗೆ ಇಳಿಸ್ತಿದ್ರು, "ಈ ಗಾಡಿಗೆ ದಮ್ಮಿಲ್ಲ" ಅಂತಿದ್ರು.

ಇಳಿಯೋವಾಗ ಇನ್ನೊಂದು. ಬ್ರೇಕು ಚಕ್ರದ ನಡುವನ್ನ ಹಿಡಿಯುತ್ತೆ, ಗಾಡಿ ನಿಲ್ಲಬೇಕಾದ್ದು ಚಕ್ರದ ಅಂಚಲ್ಲಿ. ನಡುವಿನಿಂದ ಅಂಚಿಗೆ ದೂರ ಜಾಸ್ತಿಯಾದಷ್ಟೂ ಅದೇ ಪೆಡಲ್ ಒತ್ತಡಕ್ಕೆ ರಸ್ತೆಯ ಮೇಲೆ ಸಿಗೋ ಹಿಡಿತ ಕಡಿಮೆ. ಇಲ್ಲಿ ಶೇ. ನಾಲ್ಕೂವರೆಯ ಹತ್ತಿರ ಕಡಿಮೆ. ಗೇರಲ್ಲಿ ಬಿಟ್ಟು ಇಳಿಯೋವಾಗ ಎಂಜಿನ್ ಕೊಡೋ ಹಿಡಿತವೂ ಅಷ್ಟೇ ಕಡಿಮೆ. ಇದರಿಂದ ಗಾಡಿ ನಿಲ್ಲೋದೇ ಇಲ್ಲ ಅಂತೇನಿಲ್ಲ, ಕಾಲು ಸ್ವಲ್ಪ ಜಾಸ್ತಿ ಒತ್ತಬೇಕು ಅಷ್ಟೆ. ಆದ್ರೆ ಒತ್ತೋ ಕಾಲು ಅರವತ್ತೆರಡು ವರ್ಷದ್ದು, ರಸ್ತೆ ಆಗುಂಬೆಯದ್ದು.

ಅಗಲ ಟೈರು ರೋಡನ್ನ ಕಚ್ಚುತ್ತೆ ಅನ್ನೋ ಭಾವನ ಮಾತು ಪೂರ್ತಿ ಸುಳ್ಳಲ್ಲ. ಒಣ ಟಾರಿನ ಮೇಲೆ, ತಿರುವಿನಲ್ಲಿ, ಒಳ್ಳೇ ಅಗಲ ಟೈರು ಹೆಚ್ಚು ಗಟ್ಟಿಯಾಗಿ ನಿಲ್ಲುತ್ತೆ. ರೇಸ್ ಕಾರುಗಳನ್ನ ನೋಡಿ. ಆದ್ರೆ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತೆ. ನೀರಿನ ಮೇಲೆ ಲೆಕ್ಕ ಬೇರೆ. ಅಗಲ ಇದ್ದಷ್ಟೂ ಪಕ್ಕಕ್ಕೆ ತಳ್ಳಬೇಕಾದ ನೀರು ಜಾಸ್ತಿ. ಗೀರುಗಳಿಂದ ಅಷ್ಟು ನೀರು ಹೊರಗೆ ಹೋಗದಿದ್ರೆ ಟೈರು ನೀರಿನ ಮೇಲೇರಿ ತೇಲೋಕೆ ಶುರು ಮಾಡುತ್ತೆ, ಸ್ಟೇರಿಂಗ್ ಬೆಣ್ಣೆಯ ಹಾಗೆ ಹಗುರ ಆಗುತ್ತೆ. ಇಳಿಜಾರಿನ ತಿರುವಲ್ಲಿ ಯಾರೂ ಅಷ್ಟು ಜೋರಾಗಿ ಹೋಗಲ್ಲ. ಹೆಬ್ರಿಯ ನಂತರ ನೇರ ರಸ್ತೆ, ನೀರು ನಿಂತಿರುತ್ತೆ, ಅಲ್ಲಿ ಎಲ್ಲರೂ ಹೋಗ್ತಾರೆ. ನಮ್ಮ ಟೈರುಗಳಲ್ಲಿ ಗೀರು ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಪಕ್ಕೆಯ ಮೇಲೆ ನಾಲ್ಕಂಕಿಯ ದಿನಾಂಕ ಇರುತ್ತೆ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮದರಲ್ಲಿ 2317 ಅಂತಿತ್ತು. ಅಂದ್ರೆ 2017ರ ಇಪ್ಪತ್ತಮೂರನೇ ವಾರ ಹುಟ್ಟಿದ ರಬ್ಬರು.

ಇದೆಲ್ಲವನ್ನೂ ಅಪ್ಪಂಗೆ ಹೇಳೋದು ಹೇಗೆ? ಮಣಿಪಾಲದಿಂದ ಬಂದ ರಾತ್ರಿ ಊಟಕ್ಕೆ ಕೂತಾಗ ಶುರು ಮಾಡಿದೆ. ಶೇಕಡಾ ನಾಲ್ಕೂವರೆ ಅಂದ ಕೂಡಲೇ ಅಪ್ಪ ನಕ್ಕರು. "ನಾಲ್ಕೂವರೆ ಪರ್ಸೆಂಟಿಗೆ ನಾಲ್ಕು ಟೈರು ಬಿಸಾಡಬೇಕಾ? ನಿಮ್ಮ ಬೆಂಗಳೂರಲ್ಲಿ ದುಡ್ಡು ಮರದಲ್ಲಿ ಬಿಡ್ತದೆ ಕಾಣ್ತದೆ." ಭಾವನೂ ಸೇರಿಕೊಂಡ್ರು, "ದೊಡ್ಡ ಟೈರು ಹಾಕಿದ್ರೆ ಎತ್ತರ ಸಿಗ್ತದೆ ಮಾರಾಯ. ಇಲ್ಲಿ ನಮ್ಮ ರೋಡು ನೋಡಿದೀಯಲ್ಲ?" ನಾನು ಇಬ್ಬರ ಜೊತೆ ವಾದ ಮಾಡೋದು ಬಿಟ್ಟು, ಊಟ ಆದ ಮೇಲೆ ಟಾರ್ಚ್ ತಗೊಂಡು ಅಪ್ಪನ ಕೈ ಹಿಡಿದು ಕೊಟ್ಟಿಗೆ ಪಕ್ಕ ಕರ್ಕೊಂಡು ಹೋದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಅವರ ಬೆರಳನ್ನ ಟೈರಿನ ಒಳ ಅಂಚಿನ ಆ ನುಣುಪು ಗೆರೆ ಮೇಲೆ ಇಟ್ಟೆ. ಆಮೇಲೆ ಲೈನರಿನ ತೂತಿನಲ್ಲಿ. ಅಡಿಕೆ ಸುಲಿಯೋ ಕೈ ಅದು, ಯಾವ ಗೆರೆ ಎಷ್ಟು ಆಳ ಅಂತ ಅದಕ್ಕೆ ಗೊತ್ತಾಗುತ್ತೆ. ಅವರು ಮಾತಾಡಲಿಲ್ಲ. ಬೆರಳನ್ನ ಎರಡು ಸಲ ಹಿಂದೆ ಮುಂದೆ ಆಡಿಸಿದ್ರು.

ಬಾಗಿಲಲ್ಲಿ ನಿಂತಿದ್ದ ಅಮ್ಮ ಅಂದಳು, "ನಂಗೆ ಆ ಶಬ್ದ ಕೇಳಿದ್ರೆ ಹೊಟ್ಟೆ ಒಳಗೆ ಎಂತೋ ಆಗ್ತದೆ. ಹೋದ ಸಲ ಬರೂದೇ ಬೇಡ ಅಂತ ಇದ್ದೆ. ಮಾತ್ರೆ ತಗೊಂಡ್ರೆ ಸಾಕು ಅಂತ."

ಇದು ಯಾರಿಗೂ ಗೊತ್ತಿರಲಿಲ್ಲ. ಅಪ್ಪಂಗೂ. ಒಂದು ತಿಂಗಳ ಚೆಕಪ್ ತಪ್ಪಿಸಿದ್ರೆ ಏನಾಗಬಹುದು ಅಂತ ಡಾಕ್ಟರ್ ಅದೇ ದಿನ ಮಧ್ಯಾಹ್ನ ನಮ್ಮೆಲ್ಲರ ಎದುರು ಹೇಳಿದ್ರು.

ಮರುದಿನ ಶಿವಮೊಗ್ಗಕ್ಕೆ ಹೊರಟಾಗ ಅಪ್ಪನ ಒಂದೇ ಷರತ್ತು, ಅಲಾಯ್ ತೆಗೆಯೋದು ಬೇಡ. ಅದಕ್ಕೆ ಮಾತ್ರ ಪರಿಹಾರ ಸುಲಭವಾಗಿ ಸಿಕ್ತು. ಇದೇ ಸ್ವಿಫ್ಟಿನ ಮೇಲಿನ ಮಾಡೆಲ್ ಝಡ್‌ಡಿಐಗೆ ಕಂಪನಿಯೇ 185/65 ಆರ್15 ಕೊಡ್ತಿತ್ತು. ಲೆಕ್ಕ ಹಾಕಿ ನೋಡಿ: 185ರ ಶೇ. 65 ಅಂದ್ರೆ 120 ಮಿ.ಮೀ., ಎರಡು ಸಲ 240, ರಿಮ್ಮು 381, ಒಟ್ಟು 621. ನಮ್ಮ ಮೂಲ ಅಳತೆ 620. ರಿಮ್ಮು ಒಂದಿಂಚು ದೊಡ್ಡದಾಯ್ತು, ಪಕ್ಕೆ ಅಷ್ಟೇ ಕಡಿಮೆಯಾಯ್ತು, ಹೊರಗಿನ ಎತ್ತರ ಅಲ್ಲೇ ಉಳೀತು. ಟೈರ್ ಅಳತೆ ಬದಲಿಸೋದು ಅಂದ್ರೆ ನಿಜವಾಗಿ ಹೀಗೆ ಬದಲಿಸಬೇಕು. ವ್ಯಾಸದಲ್ಲಿ ಶೇ. 3ರೊಳಗೆ ಇದ್ರೆ ನಡೆಯುತ್ತೆ ಅಂತ ಟೈರಿನವರ ರೂಢಿ ಲೆಕ್ಕ, ಇದು ಶೇ. 0.3.

ರಿಮ್ಮಿನ ಹಿಂಬದಿ ಅಚ್ಚು ನೋಡಿದ್ವಿ, 6 ಇಂಚು ಅಗಲ. 185ರ ಟೈರಿಗೆ 5ರಿಂದ ಆರೂವರೆ ಇಂಚಿನ ರಿಮ್ಮು ನಡೆಯುತ್ತೆ. ನಾಲ್ಕು ಬೋಲ್ಟು, 100 ಮಿ.ಮೀ. ವೃತ್ತದಲ್ಲಿ, ಅದೂ ಸರಿ ಇತ್ತು (ಇಲ್ಲದಿದ್ರೆ ಕೂರ್ತಾನೇ ಇರಲಿಲ್ಲ). ಟೈರ್ ಅಳತೆ ಪಕ್ಕದಲ್ಲೇ ಇನ್ನೊಂದು ಪುಟ್ಟ ನಂಬರ್ ಇರುತ್ತೆ, ಅದು ಎಷ್ಟು ಭಾರ ಹೊರುತ್ತೆ ಅಂತ. ಹಳೇದರ 85 ಅಂದ್ರೆ ಒಂದು ಟೈರಿಗೆ 515 ಕಿಲೋ, ಹೊಸದರ 88 ಅಂದ್ರೆ 560. ಇದು ಯಾವಾಗಲೂ ಮೂಲದಷ್ಟೋ ಜಾಸ್ತಿಯೋ ಇರಬೇಕು, ಕಡಿಮೆ ಆಗಬಾರದು. ಅಂಗಡಿಯ ಹುಡುಗ ಟೈರ್ ಕೂರಿಸಿ ಅಭ್ಯಾಸದಂತೆ ಗಾಳಿ ಹೊಡೀತಾನೇ ಇದ್ದ. ಹಳೇ ಟೈರುಗಳಲ್ಲಿ ಯಾರೋ ಇನ್ನೋವಾ ಲೆಕ್ಕಕ್ಕೇ ಹೊಡೆದಿದ್ರು, ಅದಕ್ಕೇ ಅವು ನಡುವಲ್ಲಿ ಜಾಸ್ತಿ ಸವೆದಿದ್ದವು. ಈ ಸಲ ಅಪ್ಪ ಪಕ್ಕದಲ್ಲೇ ನಿಂತು ಎಷ್ಟು ಹಾಕಬೇಕು ಅಂತ ಹೇಳಿ ನಿಲ್ಲಿಸಿದ್ರು. ಆಮೇಲೆ ಐದು ಜನ ಒಳಗೆ ಕೂತು (ಇಬ್ಬರು ಅಂಗಡಿ ಹುಡುಗರೇ) ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಸ್ಪೀಡ್ ಬ್ರೇಕರ್ ಹತ್ತಿಸಿ ಇಳಿಸಿದ್ವಿ. ಶಬ್ದ ಇಲ್ಲ.

ಸ್ಟೆಪ್ನಿ ವಿಷಯ ಮರೆಯೋ ಮೊದಲು ಹೇಳ್ತೀನಿ. ಮುಂಚೆ ಪಂಕ್ಚರ್ ಆಗಿ ಆ 165/80 ಆರ್14 ಅನ್ನ ಮುಂದಿನ ಚಕ್ರಕ್ಕೆ ಹಾಕಿದ್ರೆ ಒಂದು ಕಡೆ 620, ಇನ್ನೊಂದು ಕಡೆ 647. ನೇರ ರಸ್ತೆಯಲ್ಲೂ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಬೇಕು, ತಿರುವಿಗೆ ಮಾತ್ರ ಅಂತ ಇರೋ ಡಿಫರೆನ್ಷಿಯಲ್ಲು ಪ್ರತಿ ಕಿಲೋಮೀಟರಿಗೂ ದುಡೀತಾನೇ ಇರಬೇಕು, ಬ್ರೇಕ್ ಒತ್ತಿದ್ರೆ ಗಾಡಿ ಒಂದು ಪಕ್ಕ ಎಳೆಯಬಹುದು. ಮಳೆಯಲ್ಲಿ, ಘಾಟಿ ಮಧ್ಯೆ, ಅಮ್ಮ ಹಿಂದಿರೋವಾಗ. ಈಗ ಸ್ಟೆಪ್ನಿ 620, ಉಳಿದವು 621. ಅದರ ರಿಮ್ಮು ಬೇರೆ ಬಣ್ಣ, ನೋಡೋಕೆ ಚೆನ್ನಾಗಿಲ್ಲ, ಅಷ್ಟೇ.

ಕಾನೂನು ಕೂಡ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯನ್ನ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಿಸಬಾರದು ಅನ್ನುತ್ತೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನ ಬಿಗಿಯಾಗಿಯೇ ಹೇಳಿತು. ಊರಲ್ಲಿ ಟೈರಿಗೆ ಯಾರೂ ನಿಲ್ಲಿಸಿ ಕೇಳಲ್ಲ. ಆದ್ರೆ ಅದೇ ಮಾಡೆಲ್ಲಿಗೆ ಕಂಪನಿಯೇ ಕೊಟ್ಟ ಅಳತೆ ಹಾಕಿದ್ರೆ ಇನ್ಶೂರೆನ್ಸಿನವರ ಹತ್ತಿರವೂ ಬಾಯಿ ಬಿಡಬಹುದು.

ಆಮೇಲೆ ಎರಡು ಸಲ ಊರಿಗೆ ಹೋಗಿದ್ದೆ. ಮುಳ್ಳು 60 ಇದ್ದಾಗ ಫೋನು 57 ತೋರಿಸ್ತು. ಅಪ್ಪನ ಡೈರಿಯಲ್ಲಿ ಮೈಲೇಜ್ 19 ದಾಟಿದೆ. ಟೈರು ಬದಲಿಸಿದ್ದಕ್ಕೆ ಏರಿತು ಅಂತ ಭಾವಂಗೆ ಹೇಳ್ತಿದ್ರು, ಅದರಲ್ಲಿ ಬಹುಪಾಲು ಲೆಕ್ಕ ಸರಿಯಾಗಿದ್ದು ಅಂತ ನಾನು ಬಾಯಿ ಹಾಕಲಿಲ್ಲ. ಘಾಟಿಯ ಏರಿನಲ್ಲಿ ಹೆಚ್ಚಿನ ತಿರುವುಗಳನ್ನ ಸೆಕೆಂಡಿನಲ್ಲೇ ಎಳೆಯುತ್ತೆ. ಅಮ್ಮ ಹಿಡಿಕೆ ಹಿಡಿಯೋದು ಬಿಟ್ಟಿಲ್ಲ, ಆದ್ರೆ ಈಗ ಒಂದೇ ಕೈ, ಇನ್ನೊಂದರಲ್ಲಿ ಫೋನು. ತಿಂಗಳ ಚೆಕಪ್ ಒಂದೂ ತಪ್ಪಿಲ್ಲ. ಇನ್ನೋವಾ ಟೈರುಗಳಲ್ಲಿ ಎರಡನ್ನ ಅವಳೇ ತಗೊಂಡು ಬಾವಿಕಟ್ಟೆ ಹತ್ತಿರ ಸೇವಂತಿಗೆ ನೆಟ್ಟಿದ್ದಾಳೆ. 205 ಅಗಲ ಇರೋದ್ರಿಂದ ಮಣ್ಣು ಚೆನ್ನಾಗಿ ಹಿಡಿಯುತ್ತೆ :-)

ಹೋದ ಆ ಹದಿನಾಲ್ಕು ಮಿಲಿಮೀಟರಿನ ತಕರಾರು ಮಾತ್ರ ಇನ್ನೂ ಇದೆ. ಮನೆ ದಾರಿಯ ದಿಬ್ಬಕ್ಕೆ ಕಾರಿನ ಹೊಟ್ಟೆ ಮತ್ತೆ ತಾಗ್ತಿದೆ. ಪ್ರತಿ ಸಲ ತಾಗಿದಾಗಲೂ ಅಪ್ಪ ನನ್ನ ಕಡೆ ತಿರುಗಿ ನೋಡ್ತಾರೆ. ಗುಂಡಿ ತುಂಬಿಸೋಕೆ ಎರಡು ಲೋಡು ಜಂಬಿಟ್ಟಿಗೆ ಚೂರು ಹೇಳಿ ಬಂದಿದ್ದೀನಿ, ಮಳೆ ನಿಂತ ಮೇಲೆ ಲಾರಿ ಬರುತ್ತಂತೆ.